ಅಪ್ಪ ಮತ್ತು ಅವ್ವನ ಹೆಸರಿನ ಒತ್ತು

ಅಪ್ಪ ಕೆಲಸದಿಂದ ಬಂದ ಕೂಡಲೇ ನಮ್ಮನ್ನು ಮುಟ್ಟುತ್ತಿರಲಿಲ್ಲ. ನಾವು ಓಡಿ ಹೋದರೂ ಎರಡೂ ಕೈ ಮೇಲೆತ್ತಿ, ಮೊಣಕೈಯಿಂದ ನಮ್ಮನ್ನು ಮೆಲ್ಲಗೆ ಸರಿಸಿ ಸೀದಾ ಬಚ್ಚಲಿಗೆ ಹೋಗುತ್ತಿದ್ದ. ಅಲ್ಲಿ ಗೂಡಿನಲ್ಲಿ ಒಂದು ಸಣ್ಣ ಬಾಟಲಿ ಚಿಮಣಿ ಎಣ್ಣೆ ಇರುತ್ತಿತ್ತು. ಮೊದಲು ಎಣ್ಣೆಯಲ್ಲಿ ನೆನೆಸಿದ ಅರಿವೆಯಿಂದ ಬೆರಳು ಒರೆಸಿಕೊಳ್ಳುವುದು, ಆಮೇಲೆ ಬೂದಿ, ಆಮೇಲೆ ಬಟ್ಟೆ ಸೋಪು. ಇಷ್ಟೆಲ್ಲ ಆದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದೇ ಇರುತ್ತಿತ್ತು. ಅವ್ವ ಒಂದು ಚೂರು ಬೆಲ್ಲ ಕೊಡುತ್ತಿದ್ದಳು. ಬೆಲ್ಲ ತಿಂದರೆ ಸೀಸದ ವಿಷ ಇಳಿಯುತ್ತದೆ ಅಂತ ಪ್ರೆಸ್ಸಿನ ಹಿರಿಯರು ಹೇಳಿದ್ದರಂತೆ. ಅದನ್ನು ಬಾಯಿಗೆ ಹಾಕಿಕೊಂಡ ಮೇಲೆ ನಮ್ಮ ಕಡೆ ತಿರುಗಿ, "ಹಾಂ, ಈಗ ಬರ್ರಿ" ಎನ್ನುತ್ತಿದ್ದ.

ಅಪ್ಪ 2022ರಲ್ಲಿ ತೀರಿಕೊಂಡ. ಅವತ್ತು ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, "ಭಾಳ ಪಾಪದ ಮನಷ್ಯಾ." ಅವರು ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ಮಾತು ನನಗೆ ಅವತ್ತಿನಿಂದ ಚುಚ್ಚುತ್ತಲೇ ಇದೆ. ಪಾಪದ ಮನುಷ್ಯ ಅಂದರೆ ಯಾರಿಗೂ ತೊಂದರೆ ಕೊಡದವನು, ಎದುರು ಮಾತಾಡದವನು, ಇದ್ದೂ ಇಲ್ಲದಂತೆ ಇದ್ದು ಹೋದವನು ಅಂತ ಅಲ್ವಾ. ನನ್ನ ಅಪ್ಪ ಹಾಗಿರಲಿಲ್ಲ. ಅವನು ದನಿ ಎತ್ತುತ್ತಿರಲಿಲ್ಲ ನಿಜ, ಆದರೆ ಒಂದು ವಿಷಯದಲ್ಲಿ ಮಾತ್ರ ಅವನಷ್ಟು ಹಟಮಾರಿಯನ್ನು ನಾನು ಇನ್ನೂ ನೋಡಿಲ್ಲ. ಅದನ್ನು ಬರೆದಿಡಬೇಕು ಅಂತ ಕೂತಿದ್ದೇನೆ.

ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ. ಈಗಿನ ಹುಡುಗರಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯುವ ಮೊಳೆ. ಇದು ಅಚ್ಚಿನ ಮೊಳೆ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಸಣ್ಣ ಕಂಬಿ, ಅದರ ತುದಿಯಲ್ಲಿ ಒಂದು ಅಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಇಂಥ ಒಂದೊಂದೇ ಮೊಳೆಯನ್ನು ಮರದ ಕೇಸಿನಿಂದ ಆರಿಸಿ, ಎಡಗೈಯಲ್ಲಿ ಹಿಡಿದ ಸ್ಟಿಕ್ಕಿನಲ್ಲಿ ಜೋಡಿಸಿ ಸಾಲು ಮಾಡಬೇಕು, ಸಾಲು ಸೇರಿ ಪುಟ ಆಗಬೇಕು. ಒಂದು ಪುಸ್ತಕ ಅಂದರೆ ಲಕ್ಷಾಂತರ ಸಲ ಕೈ ಕೇಸಿಗೆ ಹೋಗಿ ಬರಬೇಕು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ನಮ್ಮ ಊರಿನಲ್ಲಿ ಅಷ್ಟು ಪ್ರೆಸ್ಸುಗಳಿದ್ದವು, ಕೆಲವು ಓಣಿಗಳಲ್ಲಿ ನಡೆದು ಹೋದರೆ ಎರಡೂ ಕಡೆಯಿಂದ ಟ್ರೆಡಲ್ ಮಷಿನ್ನಿನ ಟಕಟಕ ಸದ್ದು ಕೇಳುತ್ತಿತ್ತು.

ನಮ್ಮದು ಮೂಲತಃ ಬೆಟಗೇರಿ. ಗದಗ ಬೆಟಗೇರಿ ಎರಡೂ ಅಂಟಿಕೊಂಡ ಊರುಗಳು, ಒಂದೇ ನಗರಸಭೆ. ಬೆಟಗೇರಿ ನೇಕಾರರ ಊರು. ಅಜ್ಜನದು ಕುಣಿಮಗ್ಗ. ಹನ್ನೆರಡು ಹದಿಮೂರು ವಯಸ್ಸಿನವರೆಗೂ ಅಪ್ಪ ಅಜ್ಜನ ಪಕ್ಕ ಕೂತು ಲಾಳಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದನಂತೆ. ಮಗ್ಗ ಒಂದೇ, ಉಣ್ಣುವ ಬಾಯಿ ಒಂಬತ್ತು. ಅದಕ್ಕೆ 1962ರಲ್ಲಿ, ಅಪ್ಪನಿಗೆ ಹದಿನಾಲ್ಕು ವರ್ಷ ಆದಾಗ, ಅಜ್ಜ ಅವನ ಕೈ ಹಿಡಿದು ಗದಗಿಗೆ ಕರೆದುಕೊಂಡು ಹೋಗಿ ಪ್ರೆಸ್ಸಿಗೆ ಬಿಟ್ಟು ಬಂದ.

ಮೊದಲ ಒಂದು ವರ್ಷ ಅಪ್ಪನಿಗೆ ಜೋಡಿಸಲು ಕೊಡಲೇ ಇಲ್ಲ. ಬಿಡಿಸುವ ಕೆಲಸ ಮಾತ್ರ. ಅಚ್ಚಾಗಿ ಮುಗಿದ ಪುಟವನ್ನು ಒಡೆದು, ಪ್ರತಿ ಮೊಳೆಯನ್ನೂ ತನ್ನ ತನ್ನ ಮನೆಗೆ ಹಾಕಬೇಕು. ಕೇಸಿನಲ್ಲಿ ಇರುವ ಖಾನೆಗೆ ಅಪ್ಪ 'ಮನೆ' ಅಂತಲೇ ಹೇಳುತ್ತಿದ್ದ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡವು ಸಣ್ಣವು ಸೇರಿದರೂ ಕೆಲಸ ಸುಲಭ. ಕನ್ನಡಕ್ಕೆ ಗುಣಿತಾಕ್ಷರ ಬೇರೆ, ಒತ್ತಕ್ಷರ ಬೇರೆ, ನೂರಾರು ಮನೆಗಳು. ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ನಾಳೆ ಯಾರೋ ಕಣ್ಣು ಮುಚ್ಚಿ ಕೈ ಹಾಕಿದಾಗ ಅದೇ ತಪ್ಪು ಅಚ್ಚಾಗುತ್ತದೆ. "ಜೋಡಸಾವಗ ಹೆಸರ ಬರತೈತಿ, ಬಿಡಸಾವಗ ಬರೂದಿಲ್ಲ. ಆದ್ರ ಬಿಡಸಾಂವ ನೆಟ್ಟಗ ಇದ್ರನ ಜೋಡಸಾಂವ ನೆಟ್ಟಗ ಆಗ್ತಾನ" ಎನ್ನುತ್ತಿದ್ದ. ಜೋಡಿಸುವವರಿಗೂ ಹೆಸರು ಬಂದಿದ್ದನ್ನು ನಾನಂತೂ ನೋಡಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಅಪ್ಪ ಒಂದು ಸಲ ಲೈಬ್ರರಿಯಲ್ಲಿ ನೋಡಿದ್ದ. ಎಲ್ಲರೂ ಅದರಲ್ಲಿ ಶಬ್ದ ಹುಡುಕಿದರೆ ಅಪ್ಪ ಅದರ ಜೋಡಣೆ ನೋಡುತ್ತಾ ನಿಂತಿದ್ದನಂತೆ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ, ಅಷ್ಟು ಸಣ್ಣ ಅಕ್ಷರದಲ್ಲಿ, ಎಪ್ಪತ್ತು ಸಾವಿರ ಶಬ್ದ. "ಇದನ್ನ ಜೋಡಿಸಿದಾವ್ರ ಕಣ್ಣು ಏನಾಗಿರಬೇಕವಾ" ಅಂತ ಮನೆಗೆ ಬಂದು ಕೇಳಿದ್ದ. ಆ ಪ್ರಶ್ನೆ ಕೇಳಿದವರನ್ನು ನಾನು ಬೇರೆ ಯಾರನ್ನೂ ಕಂಡಿಲ್ಲ.

ಪ್ರೆಸ್ಸಿಗೆ ಬರುತ್ತಿದ್ದದ್ದು ಎಂಥೆಂಥ ಕೆಲಸ! ಮಠದ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ಪಂಚಾಂಗ, ದಲಾಲಿ ಅಂಗಡಿಯ ಪಾವತಿ ಪುಸ್ತಕ. ಪುಷ್ಯದಲ್ಲಿ ಬಾದಾಮಿ ಬನಶಂಕರಿ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳ ಜಾಹೀರಾತು, ಗುಲಾಬಿ ಬಣ್ಣದ ತೆಳು ಕಾಗದ, ನಾಯಕಿಯ ಹೆಸರಿಗೆ ಎಲ್ಲಕ್ಕಿಂತ ದಪ್ಪ ಮೊಳೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಹುಟ್ಟಿದ್ದು, ಹೀಗಾಗಿ ನಮ್ಮ ಕಡೆ ಸೊಸೈಟಿ ಅಂದರೆ ಎಲ್ಲರಿಗೂ ಗೊತ್ತು. ಸೊಸೈಟಿಗಳ ವಾರ್ಷಿಕ ವರದಿಯೂ ಅಪ್ಪನ ಕೈಗೇ ಬರುತ್ತಿತ್ತು. ಅದು ಕಷ್ಟದ ಕೆಲಸ. ಜಮಾ ಖರ್ಚಿನ ಪಟ್ಟಿಗೆ ಹಿತ್ತಾಳೆಯ ರೂಲುಗಳನ್ನು ಕತ್ತರಿಸಿ ನಿಲ್ಲಿಸಬೇಕು, ಒಂದು ಕೂದಲೆಳೆ ಹೆಚ್ಚು ಕಡಿಮೆ ಆದರೂ ಚೌಕಟ್ಟು ಬಿಗಿದಾಗ ಇಡೀ ಪುಟ ಬಿಲ್ಲಿನ ಹಾಗೆ ಮೇಲೆದ್ದು ಬಿಡುತ್ತದೆ.

ಆದರೆ ಎಲ್ಲಕ್ಕಿಂತ ಜಾಸ್ತಿ ಬರುತ್ತಿದ್ದದ್ದು ಲಗ್ನಪತ್ರಿಕೆ. ಇಲ್ಲಿ ಒಂದು ಸಂಗತಿ ಹೇಳಬೇಕು, ಅಪ್ಪ ಹೇಳಿರದಿದ್ದರೆ ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ನಮ್ಮ ಕಡೆ ಹೆಂಗಸರ ಹೆಸರು 'ವ್ವ' ಅಂತ ಮುಗಿಯುತ್ತದೆ, ಗಂಡಸರದ್ದು 'ಪ್ಪ' ಅಂತ. ಹನುಮವ್ವ, ಯಲ್ಲವ್ವ, ನೀಲವ್ವ. ಬಸಪ್ಪ, ಈರಪ್ಪ, ಫಕೀರಪ್ಪ. ಒಂದು ಲಗ್ನಪತ್ರಿಕೆ ಅಂದರೆ ಅಜ್ಜ ಅಜ್ಜಿಯಿಂದ ಹಿಡಿದು ಕಾಕಾ ಕಾಕಿ, ಸೋದರಮಾವ, ಅತ್ತಿ ಅಂತ ಒಂದೊಂದರಲ್ಲೂ ಮೂವತ್ತು ನಲವತ್ತು ಹೆಸರು. ಬೇರೆ ಕಡೆಯಿಂದ ಬಂದ ಕೇಸಿನಲ್ಲಿ ವ ಒತ್ತು, ಪ ಒತ್ತು ಅಷ್ಟು ಇರುತ್ತಿರಲಿಲ್ಲವಂತೆ. ಲಗ್ನದ ಸೀಜನ್ನಿನಲ್ಲಿ, ಒಂದೇ ದಿನ ನಾಲ್ಕು ಪತ್ರಿಕೆ ಜೋಡಿಸಿಟ್ಟಾಗ, ಮಧ್ಯಾಹ್ನದ ಹೊತ್ತಿಗೆ ವ ಒತ್ತಿನ ಮನೆ ಖಾಲಿ. ಆಗ ಕೆಲವರು ಸುಮ್ನೆ ಒತ್ತು ಬಿಟ್ಟು 'ಯಲ್ಲವ' ಅಂತ ಹಾಕಿ ಮುಗಿಸುತ್ತಿದ್ದರು. ಪತ್ರಿಕೆ ತೆಗೆದುಕೊಂಡು ಹೋಗುವವರೂ ನೋಡುತ್ತಿರಲಿಲ್ಲ, ವರನ ಹೆಸರು ವಧುವಿನ ಹೆಸರು ಸರಿ ಇದ್ದರೆ ಸಾಕು.

ಅಪ್ಪ ಹಾಗೆ ಮಾಡಲಿಲ್ಲ. ಸೈಕಲ್ ಹತ್ತಿ ಪಕ್ಕದ ಪ್ರೆಸ್ಸಿಗೆ ಹೋಗಿ, ಒಂದು ಹಿಡಿ ವ ಒತ್ತು ಕಡ ತರುತ್ತಿದ್ದ. ಸಿಗದಿದ್ದರೆ ಬೆಳಗಿನ ಪುಟ ಅಚ್ಚಾಗುವವರೆಗೆ ಕಾದು, ಅದನ್ನು ಬಿಡಿಸಿ, ಅದೇ ಮೊಳೆ ಬಳಸಿ ರಾತ್ರಿ ಜೋಡಿಸುತ್ತಿದ್ದ. ಮಾಲೀಕರು ಬಯ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಆದರೆ ಪತ್ರಿಕೆ ಮಾತ್ರ ಒತ್ತು ಬರುವವರೆಗೆ ಮಷಿನ್ನಿಗೆ ಹೋಗುತ್ತಿರಲಿಲ್ಲ. ತಡವಾಗಿ ಬಂದ ರಾತ್ರಿಗಳಲ್ಲಿ ಅವ್ವ ಕೇಳುತ್ತಿದ್ದಳು, "ಯಾಕ ಇಷ್ಟೊತ್ತು?" ಅಪ್ಪ ಬೆಲ್ಲ ಚೀಪುತ್ತಾ, "ವ ಒತ್ತು ಮುಗದಿತ್ತು" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ತಡವಾಗಿ ಬಂದರೆ ಇದೇ ಮಾತು.

ನಾನು ಒಂದನೇ ಇಯತ್ತೆಗೆ ಹೋಗುವ ಮೊದಲೇ ಅಕ್ಷರ ಕಲಿತಿದ್ದೆ, ಅಪ್ಪ ತಂದ ಸವೆದ ಮೊಳೆಗಳಿಂದ. ದೀಪದ ಕೆಳಗೆ ಒಂದೊಂದೇ ಮೊಳೆ ಹಿಡಿದು, "ಇದ್ಯಾವುದು?" ಅಂತ ಕೇಳುವುದು, ನಾನು ಹೇಳುವುದು. ಶಾಲೆಯಲ್ಲಿ ಪಾಟಿಯ ಮೇಲೆ ಬರೆಯಲು ಹೇಳಿದಾಗ ನಾನು ಎಲ್ಲ ಅಕ್ಷರವನ್ನೂ ತಿರುಗಾಮುರುಗಾ ಬರೆದೆ. ಬಾಯಿಯವರು, ಅಂದರೆ ಟೀಚರು, ಕೈ ಮೇಲೆ ಒಂದು ಕೊಟ್ಟರು. ಅಳುತ್ತಾ ಮನೆಗೆ ಬಂದೆ. ಅಪ್ಪ ಪಾಟಿ ನೋಡಿದ, ಅವನ ಕಣ್ಣು ತುಂಬಿ ಬಂತು. ಮಾತಾಡಲಿಲ್ಲ. ಅವ್ವನ ಕನ್ನಡಿ ತಂದು ಪಾಟಿಯ ಮುಂದೆ ಹಿಡಿದ. ಕನ್ನಡಿಯಲ್ಲಿ ನನ್ನ ಅಕ್ಷರ ಎಲ್ಲಾ ಸರಿ ಇತ್ತು, ದುಂಡಗೆ, ಒಂದೂ ತಪ್ಪಿಲ್ಲದೆ. "ನೀ ತಪ್ಪ ಬರದಿಲ್ಲ, ನಾ ತಪ್ಪ ಕಲಿಸೀನಿ" ಅಂದ. ಮರುದಿನ ಅರ್ಧ ದಿನದ ಪಗಾರ ಬಿಟ್ಟು ಶಾಲೆಗೆ ಬಂದು ಬಾಯಿಯವರ ಮುಂದೆ ಅದನ್ನೇ ಹೇಳಿದ. ತಪ್ಪು ತನ್ನದು ಅಂತ ಇಷ್ಟು ಸಲೀಸಾಗಿ, ಮಗಳ ಎದುರಿಗೆ, ನಾಲ್ಕು ಜನರ ಎದುರಿಗೆ ಹೇಳುವ ಗಂಡಸರು ಆಗಲೂ ಕಡಿಮೆ, ಈಗಲೂ ಕಡಿಮೆ.

ಗದಗದಲ್ಲಿ ಬೆಳೆದವರಿಗೆ ನೀರಿನ ಕಥೆ ಹೇಳಬೇಕಾಗಿಲ್ಲ. ಎಂಟು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ನಳ ಬರುತ್ತಿತ್ತು, ಅದೂ ಯಾವ ಹೊತ್ತಿಗೆ ಅಂತ ಗೊತ್ತಿಲ್ಲ. ತುಂಗಭದ್ರೆಯ ನೀರು ನಮ್ಮ ಓಣಿಗೆ ಬರುವ ಹೊತ್ತಿಗೆ ಬೆರಳು ಗಾತ್ರದ ಧಾರೆ. ರಾತ್ರಿ ಎರಡಕ್ಕೆ ಬಂದರೂ ಎದ್ದು ನಿಲ್ಲುತ್ತಿದ್ದವನು ಅಪ್ಪ. ನಳದ ಬಾಯಿಗೆ ಕಿವಿ ಇಟ್ಟು ಮಲಗಿದ್ದಾನೇನೋ ಅನ್ನಿಸುತ್ತಿತ್ತು, ಸುಸ್ ಅಂತ ಗಾಳಿ ಬಂದರೆ ಸಾಕು ಎಚ್ಚರ ಆಗುತ್ತಿದ್ದ. ಕೊಡ, ಬ್ಯಾರಲ್ಲು, ಹಂಡೆ, ಕೊನೆಗೆ ಸ್ಟೀಲಿನ ತಂಬಿಗೆ ಲೋಟದವರೆಗೂ ತುಂಬಿಸುತ್ತಿದ್ದ. ನಮ್ಮದು ಮುಗಿದ ಮೇಲೆ ಪಕ್ಕದ ಮನೆಯ ಒಂಟಿ ಅಜ್ಜಿಯ ಎರಡು ಕೊಡ. ಆಮೇಲೆ ಮಲಗಲು ಹೊತ್ತಿರುತ್ತಿರಲಿಲ್ಲ, ಸ್ನಾನ ಮಾಡಿ ಪ್ರೆಸ್ಸಿಗೆ. ಅವ್ವನನ್ನು ಒಂದು ದಿನವೂ ಎಬ್ಬಿಸಲಿಲ್ಲ.

1986ರಲ್ಲಿ ಅವ್ವನಿಗೆ ದೊಡ್ಡ ಆಪರೇಷನ್ ಆಯಿತು, ಮೂರು ತಿಂಗಳು ಬಗ್ಗಬಾರದು ಅಂದರು. ಮೊದಲ ನಾಲ್ಕು ದಿನ ಅತ್ತಿ ಬಂದು ರೊಟ್ಟಿ ಮಾಡಿದಳು. ಐದನೇ ದಿನ ಅಪ್ಪ ತಾನೇ ಒಲೆ ಮುಂದೆ ಕೂತ. ಜೋಳದ ರೊಟ್ಟಿ ಬಡಿಯುವುದು ಸುಮ್ಮನೆ ಅಲ್ಲ, ಹಿಟ್ಟು ಬಿಸಿನೀರಿನಲ್ಲಿ ಹದಕ್ಕೆ ನಾದದಿದ್ದರೆ ಅಂಚು ಒಡೆಯುತ್ತದೆ. ಅಪ್ಪನ ರೊಟ್ಟಿ ಮೊದಲು ಎಲ್ಲಾ ಒಡೆದವು. ಅವ್ವ ಹಾಸಿಗೆಯಲ್ಲೇ ಮಲಗಿ ಸಪ್ಪಳ ಕೇಳಿ ಹೇಳುತ್ತಿದ್ದಳು, "ಕೈ ಒಂದ ಕಡೆ ಬೀಳಾಕತ್ತೈತಿ, ತಿರುಗಸ್ರಿ." ಹದಿನೈದು ದಿನದಲ್ಲಿ ತಟ್ಟೆಯಷ್ಟು ದುಂಡಗೆ, ಕಾಗದದಷ್ಟು ತೆಳ್ಳಗೆ ಬಡಿಯತೊಡಗಿದ. ಮೊಳೆ ಹಿಡಿದ ಬೆರಳು ಅಲ್ವಾ. ಓಣಿಯ ಗಂಡಸರು ಬಾಗಿಲಲ್ಲಿ ನಿಂತು ನಕ್ಕರು. ಅಪ್ಪ ಅವರನ್ನು ಒಳಗೆ ಕರೆದು ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿ ಕೊಟ್ಟ. ಅವ್ವ ಗುಣವಾದ ಮೇಲೂ ರವಿವಾರದ ರೊಟ್ಟಿ ಅಪ್ಪನದೇ ಆಯಿತು, ಕಡೆಯವರೆಗೂ.

ರವಿವಾರ ಸಂಜೆ ನನ್ನನ್ನೂ ತಮ್ಮನನ್ನೂ ಸೈಕಲ್ಲಿನ ಹಿಂದೆ ಮುಂದೆ ಕೂರಿಸಿಕೊಂಡು ಹೊರಡುತ್ತಿದ್ದ. ಒಂದು ವಾರ ವೀರೇಶ್ವರ ಪುಣ್ಯಾಶ್ರಮ. ಪುಟ್ಟರಾಜ ಗವಾಯಿಗಳ ಹತ್ತಿರ ಕಲಿಯುತ್ತಿದ್ದ ಕಣ್ಣಿಲ್ಲದ ಹುಡುಗರು ಅಲ್ಲಲ್ಲಿ ಕೂತು ಹಾಡುವುದು, ತಬಲಾ ಬಾರಿಸುವುದು ಕೇಳುತ್ತಾ ಕಟ್ಟೆ ಮೇಲೆ ಕೂರುವುದು. ಅಪ್ಪನಿಗೆ ರಾಗ ತಾಳ ಗೊತ್ತಿರಲಿಲ್ಲ, ಆದರೆ ಒಬ್ಬ ಹುಡುಗ ಒಂದೇ ಸಾಲನ್ನು ಐವತ್ತು ಸಲ ಹಾಡಿದರೆ ಐವತ್ತು ಸಲವೂ ಕೇಳುತ್ತಿದ್ದ. ಇನ್ನೊಂದು ವಾರ ವೀರನಾರಾಯಣ ಗುಡಿ. ಅಲ್ಲಿಯ ಕಂಬದ ಹತ್ತಿರ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ಹೇಳುತ್ತಾರೆ. ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ತಾನು ಅಂತ ಆ ಕವಿ ಹೇಳಿಕೊಂಡಿದ್ದಾನೆ, ಇದನ್ನು ಶಾಲೆಯಲ್ಲಿ ಕಲಿತು ಬಂದು ಅಪ್ಪನಿಗೆ ಹೇಳಿದ್ದೆ. ಅಪ್ಪ ಕಂಬಕ್ಕೆ ಕೈ ಮುಗಿದು, "ಅಂವ ದೊಡ್ಡಾಂವ. ನಮ್ಮಂಥಾವ್ರಿಗೆ ತಪ್ಪ ತಿದ್ದಾಕ ಪ್ರೂಫ್ ಅನ್ನೂದೊಂದು ಪುಣ್ಯಾ" ಅಂದ.

ಎಲ್ಲವೂ ಚೆಂದ ಇತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಅಪ್ಪ ಪಗಾರ ಹೆಚ್ಚು ಕೇಳಲಿಲ್ಲ, ಯಾವತ್ತೂ. ಅವನಿಗಿಂತ ಆಮೇಲೆ ಬಂದವರು ಜಗಳ ಮಾಡಿ ಹೆಚ್ಚಿಸಿಕೊಂಡರು, ಕೆಲವರು ಹುಬ್ಬಳ್ಳಿಗೆ ಹೋಗಿ ಸ್ವಂತ ಪ್ರೆಸ್ ಹಾಕಿದರು. ತಮ್ಮ ಪಿಯುಸಿಯಲ್ಲಿ ಒಳ್ಳೆಯ ಮಾರ್ಕು ತೆಗೆದಿದ್ದ, ಆದರೆ ಎಂಜಿನಿಯರಿಂಗಿಗೆ ಕಳಿಸಲು ದುಡ್ಡಿರಲಿಲ್ಲ, ಐಟಿಐಗೆ ಹೋದ. ಆ ವರ್ಷ ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ಸಲ, "ನಿನಗ ಬಾಯಿ ಇಲ್ಲೇನು?" ಅಂತ ಕೂಗಿದ್ದೆ. ಅಪ್ಪ ಉತ್ತರ ಕೊಡಲಿಲ್ಲ. ಆ ಮಾತು ವಾಪಸ್ ತೆಗೆದುಕೊಳ್ಳಲು ನನಗೆ ಆಗಲಿಲ್ಲ, ಆಮೇಲೆ ಇಪ್ಪತ್ತೈದು ವರ್ಷ ಸಮಯ ಇದ್ದರೂ. ತಮ್ಮ ಮಾತ್ರ ಒಂದು ದಿನವೂ ಅಪ್ಪನನ್ನು ದೂರಲಿಲ್ಲ, ಅವನು ಅಪ್ಪನ ಹಾಗೆಯೇ.

ಈಗ ನನ್ನ ಲಗ್ನಪತ್ರಿಕೆಯ ವಿಷಯ.

1998. ಅಷ್ಟೊತ್ತಿಗೆ ಆಫ್‌ಸೆಟ್ ಬಂದಾಗಿತ್ತು, ಹೊಳೆಯುವ ಕಾರ್ಡು, ಗಣಪತಿಯ ಬಂಗಾರದ ಚಿತ್ರ, ಕಂಪ್ಯೂಟರಿನ ಅಕ್ಷರ. ನೆಂಟರೆಲ್ಲ ಹುಬ್ಬಳ್ಳಿಯಲ್ಲಿ ಮಾಡಿಸೋಣ ಅಂದರು. ಅಪ್ಪ ಒಪ್ಪಲಿಲ್ಲ. "ನನ್ನ ಮಗಳ ಹೆಸರ ನಾನ ಜೋಡಸ್ತೀನಿ." ಮೂರು ದಿನ ಕೆಲಸ ಮುಗಿದ ಮೇಲೆ ಉಳಿದು ಜೋಡಿಸಿದ. ಯಾವ ಮೊಳೆ ಸವೆದಿಲ್ಲ ಅಂತ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದನಂತೆ. ಕುಂಕುಮದ ಬಣ್ಣದ ಮಸಿ, ನಾನೂರು ಕಾರ್ಡು. ಮಷಿನ್ ಹೊಡೆಯುವ ಹುಡುಗ ರಾತ್ರಿ ಅಚ್ಚು ಮಾಡಿ ಕಟ್ಟು ಕಟ್ಟಿ ಇಟ್ಟಿದ್ದ, ಮರುದಿನ ಸಂಜೆ ಅಪ್ಪ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದ.

ಕಾರ್ಡುಗಳಿಗೆ ಅರಿಶಿನ ಹಚ್ಚಲು ಕೂತಾಗ ನೋಡಿದ್ದು. ಅವ್ವನ ಹೆಸರಿನ ಕೊನೆಯಲ್ಲಿ ಒತ್ತು ಇಲ್ಲ. ಮೊದಲ ನೂರೈವತ್ತರಷ್ಟು ಕಾರ್ಡಿನಲ್ಲಿ ಇದೆ, ಆಮೇಲಿನವುಗಳಲ್ಲಿ ಇಲ್ಲ. ಅಚ್ಚು ಹೊಡೆಯುವಾಗ ನಡುವೆ ಎಲ್ಲೋ ಒತ್ತಿನ ಮೊಳೆಯ ತುದಿ ಮುರಿದು ಹೋಗಿತ್ತು. ಒತ್ತಿನ ಮೊಳೆ ಸೂಕ್ಷ್ಮ, ಮುರಿಯುತ್ತದೆ. ಎಣಿಸಿದರೆ ಇನ್ನೂರ ನಲವತ್ತು ಕಾರ್ಡು. ಹಂಚಲು ಮರುದಿನ ಬೆಳಗಿನ ಬಸ್ಸಿಗೇ ಕಾಕಾ ಹೊರಡಬೇಕು.

ಕಾಕಾ ಅಂದ, "ಬಿಡಣ್ಣಾ, ಯಾರ ನೋಡ್ತಾರ. ವೈನಿಗೂ ಓದಾಕ ಬರೂದಿಲ್ಲ." ಅಪ್ಪ ಅವತ್ತು ಜೀವನದಲ್ಲಿ ಮೊದಲ ಸಲ ತಮ್ಮನ ಮೇಲೆ ಸಿಟ್ಟಾದ. ಆಗಲೂ ದನಿ ಎತ್ತಲಿಲ್ಲ. "ಓದಾಕ ಬರೂದಿಲ್ಲ ಅಂತ ಆಕೀ ಹೆಸರು ತಪ್ಪ ಇರಬೇಕೇನೋ?" ಅಂದ, ಅಷ್ಟೇ. ಎದ್ದು ಸೈಕಲ್ ತೆಗೆದುಕೊಂಡು ಪ್ರೆಸ್ಸಿಗೆ ಹೋಗಿ, ಒಂದು ಡಬ್ಬಿಯ ಮುಚ್ಚಳದಲ್ಲಿ ಅದೇ ಕುಂಕುಮದ ಮಸಿ ತಂದ. ಅಚ್ಚಿನ ಮಸಿ ಗಟ್ಟಿ, ಅದಕ್ಕೆ ಎರಡು ಹನಿ ಚಿಮಣಿ ಎಣ್ಣೆ ಹಾಕಿ ಕಲೆಸಿದ. ಪೆನ್ನಿನ ಹಳೆಯ ಟಾಕನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, ಒಂದೊಂದೇ ಕಾರ್ಡು ಎತ್ತಿಕೊಂಡು, ಕೊನೆಯ ಅಕ್ಷರದ ಕೆಳಗೆ ವ ಒತ್ತು ಬರೆಯತೊಡಗಿದ. ಬರೆಯುವುದಲ್ಲ, ಅಚ್ಚಿನದೇ ಅನ್ನುವ ಹಾಗೆ ಕೂರಿಸುವುದು. ನಾನು ನೆರವಾಗಲು ಹೋದರೆ, "ನಿಂದು ಮದುವಿ, ನೀ ಮಲ್ಕೋ" ಅಂದ.

ಅವ್ವ ಮಲಗಲಿಲ್ಲ. ಬರೆದ ಕಾರ್ಡುಗಳನ್ನು ಒಂದರ ಮೇಲೊಂದು ಬೀಳದ ಹಾಗೆ ನೆಲದ ಮೇಲೆ ಸಾಲಾಗಿ ಹರವುತ್ತಾ, ಸೆರಗಿನಿಂದ ಗಾಳಿ ಹಾಕುತ್ತಾ ಕೂತಿದ್ದಳು. ಪಡಸಾಲೆ ತುಂಬಿ ಅಡುಗೆಮನೆ, ದೇವರ ಮುಂದೆ, ಎಲ್ಲಾ ಕಡೆ ಕಾರ್ಡು. ನಾನು ಅರೆನಿದ್ದೆಯಲ್ಲಿ ಅವರ ಮಾತು ಕೇಳುತ್ತಿದ್ದೆ. "ಇದೇನು, ಕಡ್ಲಿಕಾಳಿನಂಗ ಐತಿ?" ಅವ್ವ ಕೇಳಿದಳು. "ಇದು ವ ಒತ್ತು. ಇದಿಲ್ಲ ಅಂದ್ರ ನೀ ಅವ್ವ ಆಗೂದಿಲ್ಲ, ಬರೇ ಅವ ಆಗ್ತಿ" ಅಂದ ಅಪ್ಪ. ಅವ್ವ ನಕ್ಕಳು. ಅವ್ವ ಅಷ್ಟು ಹೊತ್ತು ನಕ್ಕಿದ್ದನ್ನು ನಾನು ಕೇಳಿದ್ದು ಕಡಿಮೆ. ಬೆಳಗಾಗುವ ಹೊತ್ತಿಗೆ ಇನ್ನೂರ ನಲವತ್ತೂ ಮುಗಿದಿದ್ದವು, ಅವ್ವನಿಗೆ ಒಂದು ಅಕ್ಷರ ಬಂದಿತ್ತು. ಅದೊಂದೇ ಒತ್ತು. ಆಮೇಲೆ ಅಂಗಡಿಯ ಬೋರ್ಡಿನ ಮೇಲೆ, ಬಸ್ಸಿನ ಮೇಲೆ, ಗುಡಿಯಲ್ಲಿ ದಾನ ಕೊಟ್ಟವರ ಕಲ್ಲಿನ ಮೇಲೆ ಎಲ್ಲಿ ಕಂಡರೂ ಬೆರಳು ಮಾಡಿ ತೋರಿಸುತ್ತಿದ್ದಳು.

ಮರುವರ್ಷ ಮಾಲೀಕರು ಮೊಳೆಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಮಾರಿದರು. ಗೋಣಿಚೀಲದಲ್ಲಿ ಮೊಳೆ ಸುರಿಯುವ ಸದ್ದು ಹೇಗಿತ್ತು ಅಂತ ಅಪ್ಪ ಒಂದೇ ಒಂದು ಸಲ ಹೇಳಿದ, "ತಗಡಿನ ಮ್ಯಾಲೆ ಆಣೆಕಲ್ಲು ಬಿದ್ದಂಗ." ಮೂವತ್ತೇಳು ವರ್ಷ ಪ್ರತಿ ಮೊಳೆಯನ್ನೂ ಅದರ ಮನೆಗೇ ಹಾಕಿದವನ ಮುಂದೆ ಎಲ್ಲಾ ಅಕ್ಷರ ಒಂದೇ ಚೀಲಕ್ಕೆ ಹೋದವು. ನನಗೆ ಸಿಟ್ಟು ಬಂತು. ಅಪ್ಪನಿಗೆ ಬರಲಿಲ್ಲ. "ಅವರದೂ ಸಾಲ ಐತಿ" ಅಂದ.

ಅಪ್ಪನನ್ನು ಪ್ರೂಫ್ ನೋಡಲು ಇಟ್ಟುಕೊಂಡರು, ಪಗಾರ ಮೊದಲಿಗಿಂತ ಕಡಿಮೆ. ಐವತ್ತೊಂದರ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಇಪ್ಪತ್ತರ ಡಿಟಿಪಿ ಹುಡುಗನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಅವಮಾನ ಅಂತ ಅನ್ನಿಸಲಿಲ್ಲವೋ, ಅನ್ನಿಸಿದರೂ ಹೇಳಲಿಲ್ಲವೋ. ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಬಂತು. ಆ ಹುಡುಗ ಅಪ್ಪನಿಗೆ ಕೀಬೋರ್ಡು ತೋರಿಸಿದ. ಅವತ್ತು ಮನೆಗೆ ಬಂದು ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. "ಎಫ್ ಒತ್ತಿದ್ರ ಒತ್ತು ಬರತೈತವಾ. ಎಷ್ಟ್ ಬೇಕಷ್ಟು. ಮುಗಿಯೂದ ಇಲ್ಲ!" ತನ್ನ ಕೆಲಸವನ್ನೇ ತಿಂದ ಯಂತ್ರದ ಬಗ್ಗೆ ಅಷ್ಟು ಸಂತೋಷದಿಂದ ಮಾತಾಡಿದ. ಇನ್ನು ಯಾವ ಹೆಂಗಸಿನ ಹೆಸರೂ ಅರ್ಧ ಆಗುವುದಿಲ್ಲ, ಅವನಿಗೆ ಕಂಡದ್ದು ಅದು.

ಪ್ರೂಫ್ ನೋಡುವಾಗ ಅಪ್ಪನದೊಂದು ರೀತಿ ಇತ್ತು. ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ, ಕೊನೆಯಿಂದ ಮೊದಲಿಗೆ ಓದಬೇಕು, ಪ್ರತಿ ಹೆಸರಿನ ಕೆಳಗೆ ಬೆರಳಿಟ್ಟು. ಮೊದಲಿನಿಂದ ಓದಿದರೆ ಕಣ್ಣು ತನಗೆ ಗೊತ್ತಿದ್ದದ್ದನ್ನು ತಾನೇ ತುಂಬಿಕೊಂಡು ಓಡಿಬಿಡುತ್ತದೆ, ಹಿಂದಿನಿಂದ ಓದಿದರೆ ಇದ್ದದ್ದೇ ಕಾಣುತ್ತದೆ. ನಾನು ಈಗ ಬ್ಯಾಂಕಿನ ಚೆಕ್ಕನ್ನೂ ಮಗಳ ಮಾರ್ಕ್ಸ್ ಕಾರ್ಡನ್ನೂ ಹಾಗೆಯೇ ಓದುತ್ತೇನೆ.

2013ರವರೆಗೆ ಕೆಲಸಕ್ಕೆ ಹೋದ. ಆಮೇಲೆ ಮೊಮ್ಮಕ್ಕಳು, ನೀರು, ರವಿವಾರದ ರೊಟ್ಟಿ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬೆಳಗಿನ ಪೇಪರನ್ನು ಕೆಂಪು ಪೆನ್ಸಿಲ್ ಹಿಡಿದು ಓದುತ್ತಿದ್ದ. ತಿದ್ದಿದ ಪೇಪರನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಮಡಚಿ ರದ್ದಿಗೆ ಇಡುತ್ತಿದ್ದ. ಅವ್ವನ ಮೊಣಕಾಲು ಹಿಡಿದುಕೊಂಡ ಮೇಲೆ ಅವಳ ಕಾಲಿಗೆ ದಿನಾ ಎಣ್ಣೆ ಹಚ್ಚುವುದು ಅವನದೇ ಕೆಲಸ. 2022ರ ಡಿಸೆಂಬರಿನಲ್ಲಿ ಒಂದು ಬೆಳಗಿನ ಜಾವ ನಳ ಬಂತು. ಅಪ್ಪ ಏಳಲಿಲ್ಲ. ನೀರು ಅಂಗಳಕ್ಕೆಲ್ಲ ಹರಿದು, ಪಕ್ಕದ ಮನೆಯವರು ಬಾಗಿಲು ಬಡಿದ ಮೇಲೆ ಅವ್ವನಿಗೆ ಗೊತ್ತಾಯಿತು.

ಅಪ್ಪನ ದಿವಸದ, ಅಂದರೆ ತಿಥಿಯ ಕಾರ್ಡು ಮಾಡಿಸಬೇಕಿತ್ತು. ಅಪ್ಪನ ಪಕ್ಕ ಕೂತು ಕೆಲಸ ಮಾಡಿದ ಆ ಹುಡುಗ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ತಾನೇ ಬಂದು ವಿವರ ಬರೆದುಕೊಂಡು ಹೋದ, ದುಡ್ಡು ಮುಟ್ಟಲಿಲ್ಲ. ರಾತ್ರಿ ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಿದ. ನಾನು ಕೆಳಗಿನಿಂದ ಮೇಲಕ್ಕೆ ಓದಿದೆ, ಬೆರಳು ತಾಗಿದಾಗ ಪರದೆ ಸರಿದು ಸರಿದು ಹೋಗುತ್ತಿತ್ತು. ಒಂದು ತಪ್ಪು ಸಿಕ್ಕಿತು, ಬೆಟಗೇರಿ ಎಂಬುದು 'ಬೇಟಗೇರಿ' ಆಗಿತ್ತು. ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾರ, ಅವರಿದ್ದಿದ್ರ ನನಗ ಕಳಸಾಕ ಬಿಡತಿರಲಿಲ್ರಿ" ಅಂದ.

ಅಚ್ಚಾದ ಕಾರ್ಡು ಬಂದಾಗ ಅವ್ವ ಒಂದನ್ನು ಕೈಗೆ ತೆಗೆದುಕೊಂಡಳು. ಅಪ್ಪನ ಫೋಟೋ ನೋಡಲಿಲ್ಲ, ಕೆಳಗೆ ನಮ್ಮೆಲ್ಲರ ಹೆಸರಿದ್ದ ಕಡೆ ಬೆರಳು ಆಡಿಸುತ್ತಾ ಹೋದಳು. ಒಂದು ಕಡೆ ನಿಂತಳು.

"ಇಲ್ಲಿ ಐತಿ" ಅಂದಳು.